ವಂಶವೃತ್ತಾಂತ ಶೋಧನೆ: ಮಾವಿನಕುರ್ವೆಯ ಸೀಮೆಯಲ್ಲಿ

ವಂಶವೃತ್ತಾಂತ ಶೋಧನೆಯೆಂಬುದು ಒಂದು ಮನೆತನದ ಹಿರಿಯರು ಯಾರು, ಎಲ್ಲಿಂದ ಬಂದು ನೆಲೆಸಿದರು, ಯಾವ ನೆಲವನ್ನು ಉತ್ತು ಯಾವ ದೇವರಿಗೆ ನಡೆದುಕೊಂಡರು, ಯಾರ ಮನೆಯ ಮಗಳನ್ನು ತಂದು ಯಾರ ಮನೆಗೆ ಮಗಳನ್ನು ಕೊಟ್ಟರು ಎಂಬುದನ್ನು ಕಾಗದಪತ್ರ, ಶಿಲೆ, ಆಚಾರ, ನೆನಪು ಇವುಗಳ ಸಾಕ್ಷ್ಯದಿಂದ ತಲೆಮಾರು ತಲೆಮಾರಾಗಿ ಹಿಂದಕ್ಕೆ ಅರಸುತ್ತ ಹೋಗುವ ವಿದ್ಯೆ. ಅರಸುಮನೆತನಗಳ ಪಾಲಿಗೆ ಈ ಕೆಲಸವನ್ನು ಶಾಸನಕವಿಗಳೂ ಆಸ್ಥಾನದ ಪಂಡಿತರೂ ಬಹುಕಾಲದ ಹಿಂದೆಯೇ ಮಾಡಿಟ್ಟಿರುವರು. ಒಂದು ತೆಂಗಿನ ಹಿತ್ತಲನ್ನೋ, ನಾಲ್ಕು ಗುಂಟೆ ಗದ್ದೆಯನ್ನೋ, ಒಂದು ದೋಣಿಯನ್ನೋ ನಂಬಿ ಬದುಕಿದ ಮನೆಗಳ ಪಾಲಿಗೆ ಅದನ್ನು ಮಾಡುವವರು ಆ ಮನೆಯ ಮಕ್ಕಳಲ್ಲದೆ ಬೇರೆ ಯಾರೂ ಇಲ್ಲ. ಪ್ರಕೃತ ಲೇಖನವು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯ ಅಂಥ ಮನೆಗಳನ್ನೇ ಕಣ್ಣಮುಂದೆ ಇರಿಸಿಕೊಂಡುದು.

ಶೋಧಕನಿಗೆ ಮೊದಲ ಪಾಠವನ್ನು ಊರಿನ ಹೆಸರೇ ಕಲಿಸುತ್ತದೆ. ಕುರ್ವೆಯೆಂದರೆ ಹೊಳೆಯ ನಡುವೆ, ಇಲ್ಲವೆ ಅಳಿವೆಯ ಅಂಚಿನಲ್ಲಿ, ನೀರು ಬಳಸಿ ಹರಿಯುವ ನೆಲ. ಕುಂದಾಪುರದ ಕಡೆಯವರು ಇದನ್ನೇ ಕುದ್ರು ಎನ್ನುವರು. ಹೊನ್ನಾವರದ ಬಳಿ ಶರಾವತಿಯ ಒಡಲಲ್ಲಿ ತೆಂಗಿನ ತೋಟಗಳಿಂದ ತುಂಬಿದ ಮಾವಿನಕುರ್ವೆಯೊಂದುಂಟು. ಭಟ್ಕಳದ ಬಂದರಿಗೆ ಹೊಂದಿದ ಗ್ರಾಮಕ್ಕೂ ಮಾವಿನಕುರ್ವೆ ಎಂದೇ ಹೆಸರು. ಇವೆರಡರ ಜೊತೆಗೆ ಹೊನ್ನಾವರ ತಾಲೂಕಿನಲ್ಲಿಯೇ ಪಾವಿನಕುರ್ವೆಯಿದೆ, ಅತ್ತ ಅಘನಾಶಿನಿಯ ಹಿನ್ನೀರಿನಲ್ಲಿ ಐಗಳಕುರ್ವೆಯಿದೆ. ಈಗ ಸ್ವತಂತ್ರ ತಾಲೂಕಾಗಿರುವ ಭಟ್ಕಳವು ಹತ್ತೊಂಬತ್ತನೆಯ ಶತಮಾನದಲ್ಲಿ ಹೊನ್ನಾವರ ತಾಲೂಕಿಗೆ ಸೇರಿದ ಒಂದು ಪೇಟಾ ಆಗಿದ್ದಿತಾದುದರಿಂದ, ಹಳೆಯ ಪತ್ರವೊಂದರಲ್ಲಿ ‘ಹೊನ್ನಾವರ ತಾಲೂಕು, ಮಾವಿನಕುರ್ವೆ’ ಎಂದು ಬರೆದಿದ್ದರೆ ಅದು ಶರಾವತಿಯ ಕುರ್ವೆಯೋ ಭಟ್ಕಳದ ಕುರ್ವೆಯೋ ಎಂಬುದು ಆ ಒಂದು ಸಾಲಿನಿಂದ ತೀರ್ಮಾನವಾಗುವಂತಿಲ್ಲ. ಚತುಸ್ಸೀಮೆಯನ್ನು ನೋಡಬೇಕು, ಮೂಡಲಿಗೆ ಯಾರ ಹಿತ್ತಲು, ಪಡುವಲಿಗೆ ಹೊಳೆಯೋ ಕಡಲೋ ಎಂಬುದನ್ನು ಓದಬೇಕು. ಬೇರೊಬ್ಬರ ಅಜ್ಜನನ್ನು ತನ್ನ ಅಜ್ಜನೆಂದು ತಿಳಿದು ವರ್ಷಗಟ್ಟಲೆ ನಡೆದ ಶೋಧನೆಗಳು ಕೆಟ್ಟಿರುವುದು ಬಹುಮಟ್ಟಿಗೆ ಇಂಥ ಒಂದೇ ಹೆಸರಿನ ಎರಡು ಊರುಗಳ ಕಾರಣದಿಂದ.

ವಂಶಶೋಧನೆಯ ಮಾತು ಬಂದೊಡನೆ ಇಂಗ್ಲೆಂಡಿನ ಹಳ್ಳಿಗಾಡನ್ನು ಉದಾಹರಿಸುವುದು ರೂಢಿಯಾಗಿದೆ. ಅಲ್ಲಿ 1538ರಲ್ಲಿ ಥಾಮಸ್ ಕ್ರಾಮ್ವೆಲ್ಲನು ಪ್ರತಿಯೊಂದು ಪ್ಯಾರಿಷ್ಷಿನ ಪಾದ್ರಿಯೂ ತನ್ನ ಊರಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಆಜ್ಞೆ ಮಾಡಿದನು. 1837ರಿಂದ ಸರಕಾರವೇ ಜನನ ಮರಣಗಳನ್ನು ನೋಂದಿಸತೊಡಗಿತು. ಜನಗಣತಿಯ ಮನೆಮನೆಯ ಹಾಳೆಗಳು ನೂರು ವರ್ಷ ಕಳೆದ ಬಳಿಕ ಎಲ್ಲರ ಕಣ್ಣಿಗೂ ತೆರೆಯುತ್ತವೆ. ಒಂದು ಸಣ್ಣ ಹಳ್ಳಿಯ ಕೂಲಿಕಾರನ ಮೊಮ್ಮಗನು ಕೂಡ ಒಂದೇ ಇಗರ್ಜಿಯ ಒಂದೇ ಕಪಾಟಿನಿಂದ ಹತ್ತು ತಲೆಮಾರುಗಳನ್ನು ಹೊರತೆಗೆಯುವುದು ಅಲ್ಲಿ ಸಾಧ್ಯ. ಭಟ್ಕಳದಲ್ಲಿ ಮೂವರು ಇಂಗ್ಲಿಷರ ಗೋರಿಗಲ್ಲುಗಳು ಇರುವುದನ್ನು ಹಳೆಯ ಗ್ಯಾಜೆಟಿಯರು ದಾಖಲಿಸಿದೆ. 1637ರಲ್ಲಿ ಒಂದು ದಿನದ ಅಂತರದಲ್ಲಿ ತೀರಿಕೊಂಡ ಇಬ್ಬರು ವರ್ತಕರು, 1638ರಲ್ಲಿ ತೀರಿಕೊಂಡ ಒಬ್ಬ ಶಸ್ತ್ರವೈದ್ಯ. ಮೆಣಸಿನ ಆಸೆಯಿಂದ ಬಂದು ನಮ್ಮ ಮಣ್ಣಿನಲ್ಲಿ ಮಲಗಿದ ಈ ಮೂವರ ಹುಟ್ಟನ್ನು ಅವರ ತವರೂರಿನ ಪುಸ್ತಕದಲ್ಲಿ ಈಗಲೂ ಹುಡುಕಲು ಬರುವುದು; ಅವರಿಗೆ ಮೆಣಸನ್ನು ತೂಗಿಕೊಟ್ಟವನ, ಅವರ ಗೋರಿಯನ್ನು ತೋಡಿದವನ ಹೆಸರನ್ನು ಹುಡುಕಲು ನಮ್ಮಲ್ಲಿ ಅಂಥ ಪುಸ್ತಕವಿಲ್ಲ. ನಮ್ಮ ಜನಗಣತಿಯಲ್ಲಿಯೂ ಉಳಿದುಬಂದುದು ಎಣಿಕೆಯ ಮೊತ್ತಗಳು, ಹೆಸರುಗಳಲ್ಲ. ಇದರಿಂದ ನಿರಾಶರಾಗಬೇಕಾದುದಿಲ್ಲ. ಅಲ್ಲಿ ಒಂದು ಪುಸ್ತಕದಲ್ಲಿರುವುದು ಇಲ್ಲಿ ಭೂಮಿಯ ದಫ್ತರದಲ್ಲಿ ಒಂದಿಷ್ಟು, ದೇವರ ಮನೆಯಲ್ಲಿ ಒಂದಿಷ್ಟು, ಮುದುಕಿಯರ ಬಾಯಲ್ಲಿ ಒಂದಿಷ್ಟು ಹಂಚಿಹೋಗಿದೆ. ಮೂರನ್ನೂ ಎದುರುಬದುರು ಇಟ್ಟು ನೋಡುವುದೇ ಇಲ್ಲಿಯ ಶೋಧನೆಯ ಕ್ರಮ.

ದಫ್ತರಗಳು ಕೂಡ ಒಂದೆಡೆ ಇಲ್ಲ. ಟೀಪುವಿನ ಪತನದ ಬಳಿಕ 1799ರಲ್ಲಿ ಕನ್ನಡ ಜಿಲ್ಲೆಯು ಕಂಪನಿ ಸರಕಾರದ ಕೈಸೇರಿ ಮದ್ರಾಸಿನ ಆಡಳಿತಕ್ಕೊಳಪಟ್ಟಿತು. 1862ರಲ್ಲಿ ಅದರ ಉತ್ತರಭಾಗವು ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು. 1956ರ ನವೆಂಬರ 1ರಂದು ವಿಶಾಲ ಮೈಸೂರನ್ನು ಸೇರಿತು. ಹೊನ್ನಾವರವಂತೂ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಪೋರ್ತುಗೀಜರ ಕೋಟೆಯನ್ನು ಹೊತ್ತಿದ್ದ ಊರು. ಹೀಗಾಗಿ ಒಂದೇ ಮನೆತನದ ಏಳು ತಲೆಮಾರಿನ ಕುರುಹನ್ನು ಅರಸುವವನು ಗೋವೆ, ಚೆನ್ನೈ, ಮುಂಬಯಿ, ಬೆಂಗಳೂರುಗಳ ನಾಲ್ಕು ಪತ್ರಾಗಾರಗಳ ಬಾಗಿಲು ತಟ್ಟಬೇಕಾಗಿ ಬರುವುದುಂಟು. ಆದರೆ ಅಷ್ಟು ದೂರ ಹೋಗುವ ಮುನ್ನ ತಾಲೂಕು ಕಚೇರಿಯ ದಾಖಲೆಕೋಣೆಯನ್ನು ತೀರಿಸಿಕೊಳ್ಳುವುದು ವಿವೇಕ. ಎಂಟಾಣೆ ಪಾಲು ಅಲ್ಲಿಯೇ ಸಿಗುತ್ತದೆ.

ಭೂದಾಖಲೆಯನ್ನು ಓದುವುದು ಒಂದು ಭಾಷೆಯನ್ನು ಕಲಿಯುವಷ್ಟು ಶ್ರಮದ ಕೆಲಸ, ಕಲಿತವನಿಗೆ ಅದು ಕೊಡುವ ಸುಖವೂ ಅಂಥದೇ. ಸರ್ವೆಗೆ ಮುಂಚೆ ಇಲ್ಲಿಯ ಆಸ್ತಿಗೆ ‘ವರ್ಗ’ವೆಂದು ಹೆಸರು, ವರ್ಗವು ಹಲವೊಮ್ಮೆ ಎಂದೋ ಕಾಲವಾದ ಮೂಲಪುರುಷನ ಹೆಸರಿನಲ್ಲಿಯೇ ಲೆಕ್ಕದಲ್ಲಿ ಮುಂದುವರಿಯುತ್ತಿತ್ತಾದುದರಿಂದ, ಆ ಹೆಸರಿನವನು ಆ ವರ್ಷ ಬದುಕಿದ್ದನೆಂದು ತಿಳಿಯುವುದು ತಪ್ಪು, ಆದರೆ ಮನೆಯವರು ಮರೆತ ಹೆಸರು ಅಲ್ಲಿ ಉಳಿದಿರುವುದು ಲಾಭ. ಮುಂಬಯಿ ಆಡಳಿತದಲ್ಲಿ ನಡೆದ ಸರ್ವೆಯಿಂದ ಸರ್ವೆ ನಂಬರು, ಹಿಸ್ಸೆ, ಆಕಾರಬಂದು, ಟಿಪ್ಪಣಿಗಳು ಬಂದುವು; ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ಹಕ್ಕುದಾಖಲೆ ಆರಂಭವಾಗಿ, ಒಡೆತನದ ಪ್ರತಿಯೊಂದು ಬದಲಾವಣೆಯನ್ನೂ ಡೈರಿಯಲ್ಲಿ ಬರೆಯುವ ಪದ್ಧತಿ ನೆಲೆಗೊಂಡಿತು. ವಂಶಶೋಧಕನಿಗೆ ಈ ಡೈರಿಯೇ ನಿಧಿ. ಯಜಮಾನನು ತೀರಿಕೊಂಡಾಗ ಬರೆಯಲಾದ ವಾರಸಾ ನೋಂದಿನಲ್ಲಿ ಆತ ಮೃತನಾದ ಸಂಗತಿ, ಉಳಿದ ಗಂಡುಮಕ್ಕಳ ಹೆಸರು, ವಯಸ್ಸು, ವಿಧವೆ ಇದ್ದರೆ ಅವಳ ಹೆಸರು ಎಲ್ಲವೂ ನಾಲ್ಕೈದು ಸಾಲಿನಲ್ಲಿ ಅಡಕವಾಗಿರುವುದುಂಟು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಯಾನೆ’ ಎಂದರೆ ಇನ್ನೊಂದು ಹೆಸರುಳ್ಳವನು. ‘ಅ.ಪಾ.ಕ.’ ಎಂಬ ಮೂರಕ್ಷರ ಕಂಡರೆ ಅದು ಅಜ್ಞಾನ ಪಾಲನಕರ್ತ, ಎಂದರೆ ಪ್ರಾಯಕ್ಕೆ ಬಾರದ ಮಗುವಿನ ಪೋಷಕ. ಆ ಮೂರಕ್ಷರದ ಮುಂದೆ ತಾಯಿಯ ಹೆಸರಿದ್ದರೆ, ತಂದೆಯು ಚಿಕ್ಕ ಮಕ್ಕಳನ್ನು ಬಿಟ್ಟು ಎಳೆಯ ವಯಸ್ಸಿನಲ್ಲಿಯೇ ಹೋದನೆಂದೂ ಆ ಹೆಂಗಸು ಒಬ್ಬಳೇ ಮನೆಯನ್ನು ನಡೆಸಿದಳೆಂದೂ ಬೇರೆ ಯಾರೂ ಹೇಳಬೇಕಾಗಿಲ್ಲ. 1918ರ ಇನ್‌ಫ್ಲುಯೆಂಜಾದ ಆಸುಪಾಸಿನ ಡೈರಿಯ ಪುಟಗಳಲ್ಲಿ ಇಂಥ ನೋಂದು ಎದುರಾದರೆ, ಸಾವಿನ ಕಾರಣವನ್ನು ಅಲ್ಲಿ ಬರೆದಿರದಿದ್ದರೂ ಓದುವವನ ಕೈ ಒಂದು ಕ್ಷಣ ಪುಟದ ಮೇಲೆಯೇ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದರೂ ಹಕ್ಕುದಾಖಲೆಯು ಹಕ್ಕುಳ್ಳವರ ದಾಖಲೆ. ಮೂಲಗೇಣಿಯ ಒಕ್ಕಲಿಗೆ ಪತ್ರವಿರುತ್ತಿತ್ತು. ಅದು ಗೇಣಿ ಏರದ, ತಲೆತಲಾಂತರಕ್ಕೂ ನಡೆಯುವ ಹಕ್ಕು. ಚಾಲಗೇಣಿಯವನಿಗೆ ಬಾಯಿಮಾತೇ ಪತ್ರ. ಕುರ್ವೆಗಳ, ಉಪ್ಪುನೀರು ನುಗ್ಗುವ ಗಜನಿಗಳ, ಬಯಲುಗದ್ದೆಗಳ ಸಾವಿರಾರು ಮನೆಗಳು ಮೂರು ನಾಲ್ಕು ತಲೆಮಾರು ಒಂದೇ ನೆಲವನ್ನು ಉತ್ತರೂ ಆ ನೆಲದ ಕಾಗದದಲ್ಲಿ ಅವರ ಹೆಸರು ಕಾಣದು, ಕಂಡರೆ ಪಹಣಿಯ ಹನ್ನೆರಡನೆಯ ಕಾಲಮಿನಲ್ಲಿ, ಸಾಗುವಳಿ ಮಾಡುವವನೆಂದು. ಅವರ ಪಾಲಿಗೆ ಲಿಖಿತ ಚರಿತ್ರೆಯು ಆರಂಭವಾದುದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ‘ಉಳುವವನೇ ಹೊಲದೊಡೆಯ’ನೆಂಬ ಆ ಶಾಸನದ ಮೇರೆಗೆ ಗೇಣಿದಾರನು ನಮೂನೆ 7ರಲ್ಲಿ ಡಿಕ್ಲರೇಶನ್ನು ಕೊಡಬೇಕಾಗಿತ್ತು; ಕೊಡಲು 1979ರ ಜೂನ್ 30ರವರೆಗೆ ಅವಕಾಶವಿದ್ದಿತು. ತಾನು ಈ ನೆಲವನ್ನು ಎಂದಿನಿಂದ ಉಳುತ್ತಿರುವೆ, ತನಗೆ ಮುಂಚೆ ಉತ್ತವನು ಯಾರು, ಗೇಣಿಯನ್ನು ಯಾರಿಗೆ ಯಾವ ರೂಪದಲ್ಲಿ ಅಳೆದೆ ಎಂಬುದನ್ನು ಭೂನ್ಯಾಯಮಂಡಳಿಯ ಮುಂದೆ ಆತ ಹೇಳಿದನು, ನೆರೆಯವರು ಸಾಕ್ಷಿ ನುಡಿದರು, ಗುಮಾಸ್ತನು ಬರೆದುಕೊಂಡನು. ಓದು ಬಾರದ ರೈತನೊಬ್ಬನು ತನ್ನ ಅಪ್ಪನ, ಅಜ್ಜನ ಹೆಸರನ್ನು ಸರಕಾರದ ಕಾಗದದ ಮೇಲೆ ತನ್ನ ಬಾಯಿಂದಲೇ ಬರೆಯಿಸಿ ಕೆಳಗೆ ಹೆಬ್ಬೆಟ್ಟು ಒತ್ತಿದ ಆ ಕಡತಗಳು, ಪ್ರಕೃತ ಲೇಖಕನ ಎಣಿಕೆಯಲ್ಲಿ, ಈ ಕರಾವಳಿಯ ಬಡವರ ಮೊದಲ ವಂಶಾವಳಿಗಳು. ಭೂಮಿ ಯಾರಿಗೆ ಬಂದಿತೆಂಬ ಆದೇಶದ ಹಾಳೆಯೊಂದನ್ನೇ ಮನೆಯಲ್ಲಿ ಇಟ್ಟುಕೊಂಡವರು ಬಹಳ. ಹೇಳಿಕೆಗಳ ಹಾಳೆಯನ್ನು ನಕಲು ತೆಗೆಸಿಕೊಂಡವರು ವಿರಳ. ಅವುಗಳನ್ನು ಕೇಳಿ ಪಡೆಯಬೇಕು.

ಹೆಸರುಗಳ ತೊಡಕು ಪ್ರತ್ಯೇಕವಾಗಿ ಹೇಳತಕ್ಕ ವಿಷಯ. ಈ ಕರಾವಳಿಯಲ್ಲಿ ಅಡ್ಡಹೆಸರು ಮನೆತನವನ್ನಲ್ಲ, ಸಮುದಾಯವನ್ನು ಸೂಚಿಸುವುದೇ ಹೆಚ್ಚು. ಒಂದೇ ಕೇರಿಯಲ್ಲಿ ಮೂವತ್ತು ಮನೆ ನಾಯ್ಕರು, ಇನ್ನೊಂದರಲ್ಲಿ ಎಲ್ಲರೂ ಗೌಡರು, ಮತ್ತೊಂದರಲ್ಲಿ ಎಲ್ಲರೂ ಖಾರ್ವಿಗಳು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಸಂಪ್ರದಾಯದಿಂದ ನಾರಾಯಣ ಬಿನ್ ಮಂಜ, ಮಂಜ ಬಿನ್ ನಾರಾಯಣ, ಮತ್ತೆ ನಾರಾಯಣ ಬಿನ್ ಮಂಜ ಎಂದು ಎರಡೇ ಹೆಸರು ಒಂದೂವರೆ ಶತಮಾನ ಸುತ್ತುತ್ತಿರುವುದನ್ನು ಕಾಣಬಹುದು. ಬಿಡಿಸುವ ದಾರಿಗಳೆಂದರೆ ಮನೆಯ ಹೆಸರು, ಬಳಿ ಮತ್ತು ಕುಲದೇವರು. ತೆಂಕಮನೆ, ಕೆಳಗಿನಮನೆ, ಹೊಳೆಬದಿಮನೆ ಎಂಬ ಹೆಸರುಗಳು ಕಾಗದದಲ್ಲಿ ಇರುವುದು ಕಡಿಮೆ, ಊರವರ ಬಾಯಲ್ಲಿ ಇರುವುದು ಖಂಡಿತ. ಬಳಿಯೆಂಬುದು ಒಂದೇ ಮೂಲದವರೆಂದು ತಿಳಿದು ತಮ್ಮೊಳಗೆ ಮದುವೆಯಾಗದವರ ಕೂಟ. ಹಾಲಕ್ಕಿ ಒಕ್ಕಲಿಗರಲ್ಲಿಯೂ ಇತರ ಹಲವು ಸಮುದಾಯಗಳಲ್ಲಿಯೂ ಗೋತ್ರದ ಕೆಲಸವನ್ನು ಅದು ಮಾಡುತ್ತದೆ. ಹಾಲಕ್ಕಿಗಳಲ್ಲಿ ಸೀಮೆಗೌಡ, ಊರಗೌಡ, ಬುದ್ಧಿವಂತ, ಕೋಲಕಾರ ಎಂಬ ವ್ಯವಸ್ಥೆಯುಂಟು. ಯಾವ ಮನೆ ಯಾವ ಬಳಿಯದು, ಯಾವ ಕೊಪ್ಪದಿಂದ, ಎಂದರೆ ಕೇರಿಯಿಂದ, ಬಂದುದು ಎಂಬುದನ್ನು ಈ ಸ್ಥಾನಗಳಲ್ಲಿರುವವರು ಹೇಳುವ ಖಚಿತತೆಯನ್ನು ಯಾವ ಕಡತವೂ ಮೀರಿಸದು.

ಕಾಲನಿರ್ಣಯದ ತೊಡಕೂ ಸಣ್ಣದಲ್ಲ. ಹಳೆಯ ಜಾತಕದಲ್ಲಿಯೂ ಮನೆಯ ಕಡತದಲ್ಲಿಯೂ ಶಕವರ್ಷವನ್ನು ಬಿಟ್ಟು ಬರಿಯ ಸಂವತ್ಸರವನ್ನು ಬರೆದಿದ್ದರೆ, ಪ್ರಭವವೆಂದರೆ 1867–68 ಆಗಬಹುದು, 1927–28 ಆಗಬಹುದು. ಅರವತ್ತು ವರ್ಷವೆಂದರೆ ಅಜ್ಜನಿಗೂ ಮೊಮ್ಮಗನಿಗೂ ಇರುವ ಅಂತರ. ಹೆಸರೂ ಒಂದೇ, ಸಂವತ್ಸರವೂ ಒಂದೇ ಆದಾಗ ಇಬ್ಬರು ಒಬ್ಬರಾಗಿಬಿಡುವರು. ಅಕ್ಷರದ ರೂಪ, ಕಾಗದದ ಜಾತಿ, ಮುದ್ರಾಂಕದ ಮೇಲಣ ರಾಜ ರಾಣಿಯರ ಮುಖ ಇವುಗಳಿಂದ ಈ ಸಂಶಯವನ್ನು ಕಳೆಯಬೇಕು.

ಇಡೀ ಒಂದು ಸಮುದಾಯವೇ ತನ್ನ ವಂಶಗಳನ್ನು ಸಂಗ್ರಹಿಸಿದ ಉದಾಹರಣೆಯು ಈ ಸೀಮೆಯಲ್ಲಿಯೇ ಉಂಟು. ಚಿತ್ರಾಪುರ ಸಾರಸ್ವತರ ಗುರುಪರಂಪರೆಯು 1708ರಲ್ಲಿ ಗೋಕರ್ಣದಲ್ಲಿ ಆರಂಭವಾಗಿ 1757ರಲ್ಲಿ ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ನೆಲೆನಿಂತಿತು. ಮನೆಮನೆಯಿಂದ ಮಠಕ್ಕೆ ಸಲ್ಲುವ ವಂತಿಗೆಯ ಲೆಕ್ಕವೆಂದರೆ ಯಾವ ಊರಿನಲ್ಲಿ ಯಾರು ಯಜಮಾನರಿದ್ದರೆಂಬುದರ ಲೆಕ್ಕವೂ ಹೌದು. ಶ್ಯಾನುಭೋಗ, ನಾಡಕರ್ಣಿ, ಕುಲಕರ್ಣಿ ಎಂಬ ಉದ್ಯೋಗನಾಮಗಳಿಂದ ಕರೆಯಿಸಿಕೊಳ್ಳುತ್ತಿದ್ದ ಈ ಜನರು ಓದಿಗಾಗಿಯೂ ನೌಕರಿಗಾಗಿಯೂ ಮುಂಬಯಿಗೆ ಹೋದಂತೆಲ್ಲ ಊರಿನ ಹೆಸರನ್ನೇ ಮನೆತನದ ಹೆಸರನ್ನಾಗಿ ಹಿಡಿದುಕೊಂಡರು. ಹಳದೀಪುರ, ಮುರ್ಡೇಶ್ವರ, ಗೋಕರ್ಣ, ಶಿರೂರ, ಬಿಜೂರಗಳು ಇಂದು ಊರೂ ಹೌದು, ವ್ಯಕ್ತಿಗಳ ಅಡ್ಡಹೆಸರೂ ಹೌದು. 1855ರಲ್ಲಿ ಹೊನ್ನಾವರದಲ್ಲಿ ಜನಿಸಿ 1900ರ ಲಾಹೋರ ಕಾಂಗ್ರೆಸ್ಸಿನ ಅಧ್ಯಕ್ಷರಾದ ಸರ್ ನಾರಾಯಣ ಗಣೇಶ ಚಂದಾವರ್ಕರರ ಹೆಸರಿನಲ್ಲಿ ಚಂದಾವರವು ಕುಳಿತಿರುವುದು ಹೀಗೆಯೇ. ಮುಂಬಯಿಯಲ್ಲಿ 1911ರಲ್ಲಿ ಹುಟ್ಟಿದ ಕೆನರಾ ಸಾರಸ್ವತ ಅಸೋಸಿಯೇಶನ್ನಿನ ಆಶ್ರಯದಲ್ಲಿ, ಸಹಕಾರ ಚಳವಳಿಯ ಹಿರಿಯರಾದ ಶ್ರೀಪಾದ ಸುಬ್ರಾವ್ ತಲ್ಮಕಿಯವರು ಸಾರಸ್ವತ ಕುಟುಂಬಗಳ ವಂಶಾವಳಿಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದರು. ಅಮೆರಿಕದ ಇತಿಹಾಸಕಾರ ಫ್ರ್ಯಾಂಕ್ ಕಾನ್ಲನರು ಇಂಥ ಆಕರಗಳನ್ನು ಆಧರಿಸಿಯೇ 1700ರಿಂದ 1935ರವರೆಗಿನ ಈ ಸಮುದಾಯದ ಚರಿತ್ರೆಯನ್ನು ಬರೆದು 1977ರಲ್ಲಿ ಪ್ರಕಟಿಸಿದರು. ಒಂದೊಂದು ಮನೆಯ ಹಿರಿಯರ ಪಟ್ಟಿಯನ್ನು ಮಾಡಿದವರಿಗೆ ತಾವು ಒಂದು ನಾಡಿನ ಇತಿಹಾಸಕ್ಕೆ ಕಲ್ಲು ಹೊರುತ್ತಿರುವೆವೆಂಬುದು ಹೊಳೆದಿತ್ತೋ ಇಲ್ಲವೋ, ಹೊತ್ತುದಂತೂ ನಿಜ. ಈ ಬಗೆಯ ಕೆಲಸ ನಾಮಧಾರಿಗಳಿಗೆ, ಮೊಗೇರರಿಗೆ, ಅಂಬಿಗರಿಗೆ, ಗ್ರಾಮೊಕ್ಕಲರಿಗೆ ಇಷ್ಟೇ ವಿಸ್ತಾರವಾಗಿ ಆಗಬೇಕಾಗಿದೆ.

ಪ್ಯಾರಿಷ್ಷಿನ ಪುಸ್ತಕಕ್ಕೆ ನಿಜವಾಗಿ ಸಮನಾದುದು ನಮ್ಮಲ್ಲಿ ಇರುವುದು ಕೊಂಕಣಿ ಕ್ಯಾಥೊಲಿಕರ ಇಗರ್ಜಿಗಳಲ್ಲಿ. ಟ್ರೆಂಟಿನ ಮಹಾಸಭೆಯು 1563ರಲ್ಲಿ ಮಾಡಿದ ವಿಧಿಯ ಮೇರೆಗೆ ಮದುವೆಗಳನ್ನೂ ದೀಕ್ಷಾಸ್ನಾನಗಳನ್ನೂ ದಾಖಲಿಸುವ ಪದ್ಧತಿಯು ಗೋವೆಯ ಮೂಲಕ ಈ ತೀರಕ್ಕೂ ಬಂದಿತು; ಮಗುವಿನ ತಂದೆತಾಯಿಗಳ ಜೊತೆಗೆ ಧರ್ಮಪಿತ, ಧರ್ಮಮಾತೆಯರ ಹೆಸರನ್ನೂ ಬರೆಯುವುದರಿಂದ ಬಂಧುಬಳಗದ ವಲಯವೇ ಅಲ್ಲಿ ಕಾಣುತ್ತದೆ. ಆದರೆ 1784ರಲ್ಲಿ ಟೀಪುವು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಒಯ್ದ ವರ್ಷವು ಹಲವು ಮನೆಗಳ ಪರಂಪರೆಯನ್ನು ಕಡಿದುಹಾಕಿತು. ಈ ಭಾಗವು 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪಿತವಾಗುವವರೆಗೂ ಗೋವೆಯ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದಿತು. ಕಾರವಾರವು ಬೇರೆ ಧರ್ಮಪ್ರಾಂತ್ಯವಾದುದು 1976ರಲ್ಲಿ. ಊರ ಇಗರ್ಜಿಯಲ್ಲಿ ಎಳೆ ಕಡಿದಲ್ಲಿ ಗೋವೆಯನ್ನು ನೆನೆಯಬೇಕು.

ಭಟ್ಕಳದ ನವಾಯತ ಮುಸಲ್ಮಾನರಲ್ಲಿ ಮನೆತನದ ಹೆಸರುಗಳು ದೃಢವಾಗಿ ನಿಂತಿರುವುದರಿಂದಲೂ ನಿಕಾಹದ ದಾಖಲೆಗಳು ಜಮಾತಿನ ಬಳಿ ಇರುವುದರಿಂದಲೂ ಶೋಧಕನಿಗೆ ಹಿಡಿತ ಸಿಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹುಡುಗಿಯರ 13 ಶಾಲೆಗಳನ್ನೂ ಹುಡುಗರ 23 ಶಾಲೆಗಳನ್ನೂ ಕಂಡೆನೆಂದು ಬರೆದಿರುವನು. ಅಷ್ಟು ಹಿಂದೆಯೇ ಅಕ್ಷರ ಬಲ್ಲ ಹೆಂಗಸರಿದ್ದ ನೆಲವಿದು. ಘಟ್ಟದ ಮೇಲಣ ಬಯಲುಸೀಮೆಯಲ್ಲಾದರೆ ಹೆಳವರು ಎತ್ತಿನ ಮೇಲೆ ಬಂದು ಗಂಟೆ ಬಾರಿಸಿ ಒಕ್ಕಲು ಮನೆಗಳ ವಂಶಾವಳಿಯನ್ನು ಕಡತ ಬಿಚ್ಚಿ ಓದುವರು. ಕರಾವಳಿಯಲ್ಲಿ ಅವರ ಸ್ಥಾನವನ್ನು ತುಂಬಿದವರು ಭಾಗಶಃ ತೀರ್ಥಕ್ಷೇತ್ರಗಳ ಪುರೋಹಿತರು. ಕಾಶಿ, ಗಯೆಗಳಿಗೆ ಹೋದ ಹಿರಿಯರು ಪಂಡರ ಪುಸ್ತಕದಲ್ಲಿ ತಮ್ಮ ಊರು, ಕುಲ, ತಂದೆಯ ಹೆಸರುಗಳನ್ನು ಬರೆಯಿಸಿ ಬರುತ್ತಿದ್ದರು.

ಶ್ರಾದ್ಧದ ಮಂತ್ರವೂ ಒಂದು ವಂಶಪತ್ರವೇ. ಹವ್ಯಕರ ಮನೆಗಳಲ್ಲಿ ಯಜಮಾನನು ಎಳ್ಳುನೀರು ಬಿಡುವಾಗ ತಂದೆ, ಅಜ್ಜ, ಮುತ್ತಜ್ಜರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಹೆಸರು ಹಿಡಿದು ಕರೆಯುವನು. ತಾಯಿಯ ಕಡೆಯ ಮೂವರನ್ನೂ ಅಂತೆಯೇ ಕರೆಯುವನು. ಮಗನು ಅಧಿಕಾರಿಯಾದ ದಿನ ಮುತ್ತಜ್ಜನ ಹೆಸರು ಸಾಲಿನಿಂದ ಹೊರಬೀಳುತ್ತದೆ. ಆ ದಿನಕ್ಕೆ ಮುಂಚೆಯೇ ಅದನ್ನು ಬರೆದುಕೊಳ್ಳದಿದ್ದರೆ ಮುಂದೆ ಹೇಳುವವರು ದೊರೆಯರು.

ಕಾಗದಗಳು ಬಹುಮಟ್ಟಿಗೆ ಮರೆತವರು ಹೆಂಗಸರನ್ನು. ‘ಕೋಂ’ ಎಂಬ ಪದದ ಮುಂದೆ ಗಂಡನ ಹೆಸರಿರುವುದಲ್ಲದೆ ತವರಿನ ಹೆಸರಿಲ್ಲ. ವಾರಸಾ ನೋಂದುಗಳಲ್ಲಿ ಹೆಣ್ಣುಮಕ್ಕಳ ಹೆಸರು ಬರತೊಡಗಿದುದು 1956ರ ಹಿಂದೂ ಉತ್ತರಾಧಿಕಾರ ಶಾಸನದ ತರುವಾಯ, ಒಟ್ಟುಕುಟುಂಬದ ಆಸ್ತಿಯಲ್ಲಿ ಅವರಿಗೆ ಸಮಪಾಲು ಬಂದುದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ. ಆದರೆ ಸೋಜಿಗವೆಂದರೆ, ಕಾಗದ ಮರೆತ ಈ ಅರ್ಧವನ್ನು ನೆನಪಿಟ್ಟವರೂ ಹೆಂಗಸರೇ. ಕುರ್ವೆಯ ಮುದುಕಿಯೊಬ್ಬಳ ಬಳಿ ಕುಳಿತು ‘ಅಜ್ಜೀ, ನಿನ್ನ ಅತ್ತೆಯ ತವರು ಯಾವುದು?’ ಎಂದು ಕೇಳಿದರೆ ಅವಳು ಊರು, ಮನೆ, ದಾಟಿ ಬಂದ ದೋಣಿಗಂಡಿ, ಬಾಣಂತನಕ್ಕೆ ಬಂದ ನಾದಿನಿ, ಉಳಿಯದ ಮಕ್ಕಳು ಎಲ್ಲವನ್ನೂ ಹೇಳುವಳು. ಇಸವಿಯನ್ನು ಮಾತ್ರ ಕೇಳಬಾರದು. ‘ನಿನಗೆ ಮದುವೆಯಾದಾಗ ಶರಾವತಿಗೆ ಸೇತುವೆ ಇತ್ತೇ, ದೋಣಿಯಲ್ಲಿ ದಿಬ್ಬಣ ಬಂದಿತೇ?’ ಎಂದು ಕೇಳಬೇಕು. ಸಂಬಂಧಸೂಚಕ ಪದಗಳಲ್ಲಿಯೂ ಎಚ್ಚರವಿರಬೇಕು. ಇಲ್ಲಿಯ ಹವ್ಯಕರ ಮನೆಯಲ್ಲಿ ‘ಆಯಿ’ ಎಂದರೆ ತಾಯಿ, ‘ಅಮ್ಮ’ ಎಂದರೆ ಅಜ್ಜಿ; ಇದನ್ನರಿಯದೆ ಬರೆದುಕೊಂಡವನ ವಂಶವೃಕ್ಷದಲ್ಲಿ ಒಂದು ತಲೆಮಾರೇ ಮಾಯವಾದೀತು. ‘ಅಣ್ಣ’ ಎಂದವನು ದೊಡ್ಡಪ್ಪನ ಮಗನಾಗಿರಬಹುದು. ಕೇಳಿದುದನ್ನು ಅವಳು ನುಡಿದ ಹಾಗೆಯೇ ಬರೆದುಕೊಂಡು, ಅರ್ಥವನ್ನು ಆಮೇಲೆ ಪಕ್ಕದಲ್ಲಿ ಬರೆಯುವುದು ಒಳ್ಳೆಯದು.

ಶಾಲೆಯ ಜನರಲ್ ರಜಿಸ್ಟರು, ಉಪನೋಂದಣಿ ಕಚೇರಿಯ ಕ್ರಯಪತ್ರಗಳು, ದೇವಸ್ಥಾನದ ಹರಕೆಯ ಗಂಟೆಯ ಮೇಲಣ ಹೆಸರು, ಹಿತ್ತಲ ಮೂಲೆಯ ಮಾಸ್ತಿಕಲ್ಲು ಇವೂ ಆಕರಗಳೇ. ಇವೆಲ್ಲಕ್ಕೂ ಸಾಮಾನ್ಯ ಶತ್ರು ಈ ತೀರದ ಮಳೆ. ನಾಲ್ಕು ತಿಂಗಳ ತೇವ, ಗೆದ್ದಲು, ಹೊಳೆ ಏರಿದಾಗ ಜಗಲಿಯವರೆಗೆ ಬರುವ ನೀರು ಇವುಗಳಿಂದ ಕುರ್ವೆಯ ಮನೆಗಳ ಪತ್ರಗಳು ಒಂದು ತಲೆಮಾರಿನಲ್ಲಿ ಹಿಟ್ಟಾಗಬಲ್ಲುವು. ಹಿಂದಿನವರು ಅದಕ್ಕಾಗಿಯೇ ಪತ್ರದ ಪೆಟ್ಟಿಗೆಯನ್ನು ಅಡಿಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಂತೆ ಇಡುತ್ತಿದ್ದರು. ಅಂಥ ಪೆಟ್ಟಿಗೆಯಿಂದ ಬಿಚ್ಚಿದ ಗೇಣಿಚೀಟಿಯು ಕಂದುಬಣ್ಣಕ್ಕೆ ತಿರುಗಿ, ಮಡಿಕೆಗಳಲ್ಲಿ ಬಿರಿದಿರುತ್ತದೆ; ಕೈಯಲ್ಲಿ ಹಿಡಿದರೆ ಇನ್ನೂ ಹೊಗೆಯ ವಾಸನೆ ಬರುತ್ತದೆ. ಮೂಲೆಯಲ್ಲಿ ಅಂಟವಾಳದ ಕಾಯಿಯಷ್ಟು ದೊಡ್ಡ ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಬೇರೊಬ್ಬರ ಕೈಬರಹದಲ್ಲಿ ಆ ಹೆಬ್ಬೆಟ್ಟಿನವನ ಹೆಸರು ಮತ್ತು ಅವನಪ್ಪನ ಹೆಸರು.